ಕರಡು ಓದುವ ಕಸುಬು

ಎಲ್ಲರಿಗೂ ನಮಸ್ಕಾರ.

ತಂತ್ರಜ್ಞಾನ ನೀತಿ, ಡಿಜಿಟಲ್ ಹಕ್ಕುಗಳು, ಅದಕ್ಕೆ ಯುವ ವೃತ್ತಿಪರರನ್ನು ತಯಾರು ಮಾಡುವುದು. ಇದು ಇವತ್ತಿನ ವಿಷಯ. ಹೆಸರು ಕೇಳಿದರೆ ದೊಡ್ಡ ಹೋಟೆಲಿನ ಎ.ಸಿ. ಸಭಾಂಗಣ ಕಣ್ಣಮುಂದೆ ಬರುತ್ತದೆ. ಅಂಥ ಕಡೆಯೂ ಪಾಠ ಮಾಡಿದ್ದೇನೆ, ಊಟ ಚೆನ್ನಾಗಿರುತ್ತದೆ. ಆದರೆ ಅಲ್ಲಿಂದ ಹೊರಬಂದ ಹುಡುಗರ ಕೈಗೆ ಒಂದು ಕರಡು ಮಸೂದೆ ಕೊಟ್ಟು, ‘ಇದರಲ್ಲಿ ಎಲ್ಲಿ ತಪ್ಪಿದೆ, ತಿದ್ದಿ ಕೊಡಿ’ ಎಂದರೆ ಬಹಳ ಜನ ಒದ್ದಾಡುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ.

ಬರುವವರು ದಡ್ಡರಲ್ಲ. ಎಲ್‌ಎಲ್‌ಬಿ ಮುಗಿಸಿ ಸೀನಿಯರ್ ಹಿಂದೆ ಫೈಲು ಹಿಡಿದು ಓಡಾಡುತ್ತಿರುವವರು ಬರುತ್ತಾರೆ, ಐಟಿ ಕಂಪನಿಯಲ್ಲಿ ಕೋಡ್ ಬರೆದು ಬರೆದು ಬೇಸತ್ತವರು ಬರುತ್ತಾರೆ, ಒಬ್ಬಿಬ್ಬರು ಪತ್ರಕರ್ತರೂ ಇರುತ್ತಾರೆ. ಯುರೋಪಿನ ದತ್ತಾಂಶ ರಕ್ಷಣಾ ಕಾನೂನು ಜಿಡಿಪಿಆರ್ ಅವರಿಗೆ ಬಾಯಿಪಾಠ. ಕರ್ನಾಟಕ ರಾಜ್ಯಪತ್ರದಲ್ಲಿ ಕರಡು ನಿಯಮ ಪ್ರಕಟವಾದರೆ ಆಕ್ಷೇಪಣೆಯನ್ನು ಯಾರ ಹೆಸರಿಗೆ, ಎಷ್ಟು ದಿನದೊಳಗೆ ಕಳಿಸಬೇಕು ಎಂದು ಕೇಳಿ ನೋಡಿ, ಮುಖ ಮುಖ ನೋಡಿಕೊಳ್ಳುತ್ತಾರೆ.

ನಾನು ಪಾಠ ಶುರು ಮಾಡುವುದು ಪ್ರಜ್ಞಾ ಪ್ರಸೂನ್ ಪ್ರಕರಣದಿಂದ. ಆಕೆ ಆ್ಯಸಿಡ್ ದಾಳಿಯಲ್ಲಿ ಬದುಕುಳಿದವರು. 2023ರಲ್ಲಿ ಬ್ಯಾಂಕ್ ಖಾತೆ ತೆರೆಯಲು ಹೋದರು. ಡಿಜಿಟಲ್ ಕೆವೈಸಿ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆ, ಮಾಡುವಾಗ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕು. ಎದುರಿಗಿರುವುದು ಫೋಟೊ ಅಲ್ಲ, ಜೀವಂತ ಮನುಷ್ಯರು ಎಂದು ಯಂತ್ರಕ್ಕೆ ಗೊತ್ತಾಗಬೇಕಲ್ಲ, ಅದಕ್ಕೆ. ಆಕೆಯ ಕಣ್ಣುಗಳಿಗೆ ಆದ ಹಾನಿಯಿಂದ ಮಿಟುಕಿಸಲು ಆಗುವುದಿಲ್ಲ. ಆ ದಿನ ಖಾತೆ ಆಗಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಏಪ್ರಿಲ್ 30ರಂದು ಕೋರ್ಟು, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿ, ಕಣ್ಣು ಮಿಟುಕಿಸುವುದಕ್ಕೆ ಪರ್ಯಾಯ ವಿಧಾನಗಳು ಇರಲೇಬೇಕು ಎಂದು ನಿರ್ದೇಶನ ಕೊಟ್ಟಿತು.

ತರಗತಿಯಲ್ಲಿ ಇದನ್ನು ಮುಂದಿಟ್ಟಾಗ ಎಂಜಿನಿಯರ್ ಹುಡುಗ, ‘ಸರ್, ರಿಕ್ವೈರ್‌ಮೆಂಟ್‌ನಲ್ಲಿ ಹಾಗೆ ಇತ್ತು, ನಾವು ಹಾಗೆ ಮಾಡಿದ್ವಿ’ ಅನ್ನುತ್ತಾನೆ. ವಕೀಲೆ, ‘2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಗಲೇ ಇತ್ತಲ್ಲ’ ಅನ್ನುತ್ತಾಳೆ. ಪತ್ರಕರ್ತ, ಇಂಥವರು ದೇಶದಲ್ಲಿ ಎಷ್ಟು ಜನ ಇರಬಹುದು ಎಂದು ಲೆಕ್ಕ ಕೇಳುತ್ತಾನೆ. ಮೂವರೂ ಸರಿಯಾಗಿಯೇ ಮಾತಾಡುತ್ತಿದ್ದಾರೆ. ಆಗ ನಾನು ಬಿಳಿ ಹಾಳೆ ಕೊಟ್ಟು, ‘ನಿಯಮದಲ್ಲಿ ಯಾವ ಸಾಲು ಇದ್ದಿದ್ದರೆ ಆಕೆಗೆ ಕೋರ್ಟಿಗೆ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ? ಆ ಸಾಲನ್ನು ಬರೆಯಿರಿ’ ಎನ್ನುತ್ತೇನೆ. ಕೋಣೆ ಗಪ್‌ಚುಪ್. ಕೊನೆಗೆ ಯಾರೋ, ‘ಅಂಗವಿಕಲರಿಗೆ ಸೂಕ್ತ ಅನುಕೂಲ ಕಲ್ಪಿಸತಕ್ಕದ್ದು’ ಎಂದು ಬರೆದು ಕೊಡುತ್ತಾರೆ. ಯಾರು ಕಲ್ಪಿಸಬೇಕು? ಯಾವಾಗ? ಆಕೆ ಇನ್ನೊಂದು ದಿನ ಇನ್ನೊಂದು ಶಾಖೆಗೆ ಅಲೆಯಬೇಕೋ, ಅದೇ ಕೌಂಟರಿನಲ್ಲಿ ಆ ಹೊತ್ತಿಗೇ ಆಗಬೇಕೋ? ಕಲ್ಪಿಸದಿದ್ದರೆ ದೂರು ಯಾರಿಗೆ? ನಾಲ್ಕೈದು ಸಲ ತಿದ್ದಿದ ಮೇಲೆ ಆ ಸಾಲು ಕೆಲಸಕ್ಕೆ ಬರುವಂತೆ ಆಗುತ್ತದೆ. ನನ್ನ ಪ್ರಕಾರ ನೀತಿ ತರಬೇತಿಯ ತಿರುಳು ಇಷ್ಟೇ. ಮಿಕ್ಕ ವ್ಯಾಖ್ಯಾನ, ಸಿದ್ಧಾಂತ, ಪ್ಯಾನೆಲ್ ಚರ್ಚೆ ಎಲ್ಲ ಊಟದ ಎಲೆಯ ಕೊನೆಯಲ್ಲಿ ಬಡಿಸುವ ಉಪ್ಪಿನಕಾಯಿ.

ಈ ಕಸುಬು ನಿಜಕ್ಕೂ ಫಲ ಕೊಡುತ್ತದೆಯೇ ಎಂದು ಕೇಳುವವರಿಗೆ 2015ರ ಕಥೆ ಹೇಳಬೇಕು. ಆ ವರ್ಷದ ಮಾರ್ಚ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಸಮಾಲೋಚನಾ ಪತ್ರ ಹೊರಡಿಸಿತು. 118 ಪುಟ, 20 ಪ್ರಶ್ನೆ, ಎಲ್ಲ ಟೆಲಿಕಾಂ ಪರಿಭಾಷೆಯಲ್ಲಿ. ಮೊಬೈಲ್ ಕಂಪನಿಗಳು ಕೆಲವು ಆ್ಯಪ್‌ಗಳಿಗೆ ಒಂದು ದರ, ಉಳಿದವಕ್ಕೆ ಇನ್ನೊಂದು ದರ ಹಾಕಬಹುದೇ ಎಂಬ ದೊಡ್ಡ ಪ್ರಶ್ನೆ ಅದರೊಳಗೆ ಹೂತುಹೋಗಿತ್ತು. ಒಂದಷ್ಟು ವಕೀಲರು, ಪ್ರೋಗ್ರಾಮರ್‌ಗಳು, ಪತ್ರಕರ್ತರು ಸೇರಿ ಆ 118 ಪುಟ ಓದಿದರು. ಪ್ರತಿ ಪ್ರಶ್ನೆಗೂ ಸಾಮಾನ್ಯ ಜನಕ್ಕೆ ಅರ್ಥವಾಗುವ ಉತ್ತರ ಬರೆದಿಟ್ಟರು. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಟ್ರಾಯ್‌ಗೆ ಹೋದವು. ‘ಸೇವ್ ದಿ ಇಂಟರ್ನೆಟ್’ ಎಂದು ಹೆಸರಾದ ಚಳವಳಿ ಅದು. ಅದರಿಂದಲೇ ಮುಂದೆ ಇಂಟರ್ನೆಟ್ ಫ್ರೀಡಂ ಫೌಂಡೇಷನ್ ಎಂಬ ಡಿಜಿಟಲ್ ಹಕ್ಕುಗಳ ಸಂಸ್ಥೆ ಹುಟ್ಟಿತು. (ಆ ಇಮೇಲ್‌ಗಳನ್ನೆಲ್ಲ ಟ್ರಾಯ್ ಕಳಿಸಿದವರ ವಿಳಾಸದ ಸಮೇತ ತನ್ನ ಜಾಲತಾಣದಲ್ಲಿ ಪ್ರಕಟಿಸಿಬಿಟ್ಟಿತು. ಡಿಜಿಟಲ್ ಹಕ್ಕು ಕೇಳಿದವರ ಇಮೇಲ್ ವಿಳಾಸ ಊರಿಗೆಲ್ಲ ಹಂಚಿದಂತಾಯಿತು.)

ಅದೇ ವರ್ಷದ ಕೊನೆಗೆ ಎರಡನೇ ಸುತ್ತು. ಈ ಸಲ ಪ್ರಶ್ನೆ ನಾಲ್ಕೇ. ಫೇಸ್‌ಬುಕ್, ಆಯ್ದ ಕೆಲವು ತಾಣಗಳನ್ನಷ್ಟೇ ಪುಕ್ಕಟೆ ಕೊಡುವ ತನ್ನ ಫ್ರೀ ಬೇಸಿಕ್ಸ್ ಯೋಜನೆಯ ಪರವಾಗಿ ಬಳಕೆದಾರರಿಂದ ಒಂದೇ ಅಚ್ಚಿನ ಪತ್ರಗಳನ್ನು ರಾಶಿ ರಾಶಿ ಕಳಿಸುವಂತೆ ಮಾಡಿತು. ಟ್ರಾಯ್ ಒಪ್ಪಲಿಲ್ಲ. ನಾವು ಕೇಳಿದ ಪ್ರಶ್ನೆಗಳಿಗೆ ಇವು ಉತ್ತರವಲ್ಲ, ಇದು ಸಮಾಲೋಚನೆಯನ್ನು ತಲೆ ಎಣಿಸುವ ಮತದಾನ ಮಾಡಿದ ಹಾಗೆ ಎಂಬರ್ಥದಲ್ಲಿ ಖಾರವಾಗಿಯೇ ಬರೆಯಿತು. 2016ರ ಫೆಬ್ರುವರಿ 8ರಂದು, ಒಳಗಿನ ವಿಷಯ ನೋಡಿ ಡೇಟಾಗೆ ಬೇರೆ ಬೇರೆ ದರ ಹಾಕುವುದನ್ನು ನಿಷೇಧಿಸಿತು. ಈ ಎರಡನೇ ಸುತ್ತನ್ನೇ ನಾನು ಹುಡುಗರಿಗೆ ಒತ್ತಿ ಹೇಳುವುದು. ಮೊದಲ ಸುತ್ತಿನ ಹತ್ತು ಲಕ್ಷ ಅವರಿಗೆ ರೋಮಾಂಚನ ತರುತ್ತದೆ, ನಿಜ. ಆದರೆ ಅಧಿಕಾರಿಯ ಮೇಜಿನ ಮೇಲೆ ಉಳಿಯುವುದು ಕೇಳಿದ ಪ್ರಶ್ನೆಗೆ ಕಲಮಿನ ಸಂಖ್ಯೆ ಹಾಕಿ ಕೊಟ್ಟ ಉತ್ತರ.

ಹೊಸಬರು ಮಸೂದೆಯನ್ನು ಪೀಠಿಕೆಯಿಂದ ಓದಲು ಶುರು ಮಾಡಿ ಮೂರನೇ ಅಧ್ಯಾಯದ ಹೊತ್ತಿಗೆ ಸುಸ್ತಾಗುತ್ತಾರೆ. ಬಾಲದಿಂದ ಓದಿ ಎನ್ನುತ್ತೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೇ ತೆಗೆದುಕೊಳ್ಳಿ. ಒಟ್ಟು 44 ಕಲಮು. ಕಟ್ಟಕಡೆಯ 44ರ 3ನೇ ಉಪಕಲಮಿನಲ್ಲಿ ಎರಡು ಮೂರು ಸಾಲು ಇದೆ. ಅದು ತಿದ್ದುವುದು ಬೇರೆಯದೇ ಕಾಯ್ದೆಯನ್ನು, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು. ಹಿಂದೆ ವೈಯಕ್ತಿಕ ಮಾಹಿತಿ ಎಂದು ಅರ್ಜಿ ತಿರಸ್ಕರಿಸಬೇಕಾದರೆ ಅಧಿಕಾರಿ, ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧವಿಲ್ಲ ಎಂದೋ ಖಾಸಗಿತನಕ್ಕೆ ವಿನಾಕಾರಣ ಧಕ್ಕೆಯಾಗುತ್ತದೆ ಎಂದೋ ತೋರಿಸಬೇಕಿತ್ತು. ಈಗ ‘ವೈಯಕ್ತಿಕ ಮಾಹಿತಿ’ ಎಂದರೆ ಸಾಕು. ಸಾರ್ವಜನಿಕ ಹಿತದ ಮಾತಾಡುವ 8(2) ಇನ್ನೂ ಉಳಿದಿದೆ, ಅದನ್ನೂ ಹೇಳಬೇಕು. ಆದರೆ ಪಂಚಾಯಿತಿಯಲ್ಲಿ ಮನೆ ಮಂಜೂರಾದವರ ವಿವರ ಕೇಳಿ ಅರ್ಜಿ ಹಾಕಿದ ಮನುಷ್ಯನಿಗೆ ಒಂದು ಸಾಲಿನ ಹಿಂಬರಹ ಕೊಟ್ಟು ಕಳಿಸುವುದು ಈಗ ಎಷ್ಟು ಸುಲಭ ಯೋಚಿಸಿ. 2025ರ ನವೆಂಬರ್‌ನಲ್ಲಿ ಈ ತಿದ್ದುಪಡಿ ಜಾರಿಗೆ ಬಂತು. ಖಾಸಗಿತನದ ಹೆಸರಿನ ಕಾಯ್ದೆಯೊಳಗೆ ಮಾಹಿತಿ ಹಕ್ಕಿಗೆ ಕತ್ತರಿ ಇದೆ ಎಂದು ಮೊದಲು ಕಂಡವರು ಬಾಲದಿಂದ ಓದುವ ಅಭ್ಯಾಸ ಇದ್ದವರು.

ಅಭಿಪ್ರಾಯ ಕೊಡಲು ಅವಕಾಶವಾದರೂ ಇದೆಯೇ? ಕಾಗದದ ಮೇಲೆ ಇದೆ. ಕೇಂದ್ರ ಸರ್ಕಾರದ 2014ರ ಶಾಸನಪೂರ್ವ ಸಮಾಲೋಚನಾ ನೀತಿಯ ಪ್ರಕಾರ ಯಾವುದೇ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು. ಇದು ಕಾನೂನಲ್ಲ, ನೀತಿ. ಹಾಗಾಗಿ ಪಾಲಿಸುವುದೂ ಬಿಡುವುದೂ ಅವರವರ ಮರ್ಜಿ. ಟ್ರಾಯ್ ಬಂದ ಅಭಿಪ್ರಾಯಗಳನ್ನು ಪ್ರಕಟಿಸಿ, ಅವಕ್ಕೆ ಪ್ರತಿ ಅಭಿಪ್ರಾಯವನ್ನೂ ಕೇಳುತ್ತದೆ. ಎಲ್ಲ ಇಲಾಖೆಗಳೂ ಹಾಗೆ ಮಾಡುವುದಿಲ್ಲ. ಯಾವ ಕಂಪನಿ ಏನು ಕೇಳಿತು, ಯಾವ ಸಂಸ್ಥೆ ಏನು ಹೇಳಿತು ಎಂದು ಹೊರಗೆ ಗೊತ್ತಾಗದಿದ್ದರೆ ಹೊಸಬರು ಕಲಿಯುವುದು ಎಲ್ಲಿಂದ? ಹಳೆಯ ಉತ್ತರಪತ್ರಿಕೆಗಳೇ ಸಿಗದ ಪರೀಕ್ಷೆ ಅದು.

ಇನ್ನು ನ್ಯಾಯಾಲಯ. ಈ ಭಾಗವನ್ನು ಕಾಲೇಜುಗಳು ಚೆನ್ನಾಗಿಯೇ ಕಲಿಸುತ್ತವೆ, ಬೇಗ ದಾಟುತ್ತೇನೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅದೇ 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಂದು ಫೇಸ್‌ಬುಕ್ ಪೋಸ್ಟಿಗಾಗಿ ಇಬ್ಬರು ಯುವತಿಯರನ್ನು ಬಂಧಿಸಿದಾಗ ಇನ್ನೂ ವಿದ್ಯಾರ್ಥಿ ವಯಸ್ಸಿನ ಶ್ರೇಯಾ ಸಿಂಘಲ್, ಆನ್‌ಲೈನಿನಲ್ಲಿ ‘ಆಕ್ಷೇಪಾರ್ಹ’ ಸಂದೇಶ ಹಾಕುವುದನ್ನು ಅಪರಾಧ ಮಾಡಿದ್ದ ಐಟಿ ಕಾಯ್ದೆಯ 66ಎ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು 66ಎ ಬಿದ್ದುಹೋಯಿತು. ಯುವ ವೃತ್ತಿಪರರು ಎಂದಾಗ ವಯಸ್ಸಿಗೆ ಅಷ್ಟೇನೂ ಮಹತ್ವ ಕೊಡಬೇಡಿ ಎಂದು ಈ ಇಬ್ಬರನ್ನೂ ಒಟ್ಟಿಗೆ ಹೇಳಿದೆ.

ಪಠ್ಯದಲ್ಲಿ ಇಲ್ಲದ ಭಾಗ ಮುಂದಿನದು. 66ಎ ರದ್ದಾದ ಮೇಲೂ ಪೊಲೀಸ್ ಠಾಣೆಗಳಲ್ಲಿ ಅದರಡಿ ಎಫ್‌ಐಆರ್ ಬೀಳುತ್ತಲೇ ಇದ್ದವು. ಆರು ವರ್ಷ ಕಳೆದು, 2021ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಇದನ್ನು ಮುಂದಿಟ್ಟಾಗ ಸುಪ್ರೀಂ ಕೋರ್ಟೇ ದಂಗಾಯಿತು. 2022ರಲ್ಲಿ ಮತ್ತೆ ಆದೇಶ ಮಾಡಬೇಕಾಯಿತು. ತೀರ್ಪು ದಿಲ್ಲಿಯಲ್ಲಿ ಬಂತು, ಠಾಣೆಯ ರೈಟರ್ ಮೇಜಿಗೆ ಬರಲೇ ಇಲ್ಲ. ಡಿಜಿಟಲ್ ಹಕ್ಕಿನ ತರಬೇತಿಯಲ್ಲಿ ಠಾಣೆಗೆ ಹೋಗಿ ಎಫ್‌ಐಆರ್ ಪ್ರತಿ ಕೇಳಿ ಪಡೆದು ಕಲಮು ಓದುವುದನ್ನು ಸೇರಿಸಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಠಾಣೆಯ ಹಾಗೆಯೇ ಕೌಂಟರ್. ಹುಡುಗರನ್ನು ನ್ಯಾಯಬೆಲೆ ಅಂಗಡಿಗೋ ಗ್ರಾಮ ಒನ್ ಕೇಂದ್ರಕ್ಕೋ ಕಳಿಸುತ್ತೇನೆ. ಮಾತಾಡಬೇಡಿ, ಸುಮ್ಮನೆ ಒಂದು ಮೂಲೆಯಲ್ಲಿ ಕೂತು ನೋಡಿ ಬನ್ನಿ ಎಂದು. ಜೀವಮಾನವಿಡೀ ಗದ್ದೆ ಕೆಲಸ ಮಾಡಿದ ಅಜ್ಜಿಯ ಬೆರಳು ಸವೆದಿರುತ್ತದೆ. ‘ತಂಬ್ ಬರ್ತಿಲ್ಲ ಅಜ್ಜಿ, ಇನ್ನೊಂದ್ ಬೆರಳು ಇಡಿ’ ಅನ್ನುತ್ತಾನೆ ಅಂಗಡಿಯವನು. ಸೆರಗಿಗೆ ಒರೆಸಿ ಇನ್ನೊಂದು ಬೆರಳು ಇಡುತ್ತಾಳೆ. ಅದೂ ಬರುವುದಿಲ್ಲ. ‘ಸರ್ವರ್ ಡೌನ್, ನಾಳೆ ಬನ್ನಿ.’ ವಾಪಸ್ ಬಂದ ಹುಡುಗರ ವರದಿಯಲ್ಲಿ ‘ಬಯೊಮೆಟ್ರಿಕ್ ವೈಫಲ್ಯ’ ಎಂದಿರುತ್ತದೆ. ನಾನು ಅದನ್ನು ಹೊಡೆದು ಹಾಕಿ, ಅಜ್ಜಿ ಎಷ್ಟು ದೂರದಿಂದ ಬಂದಿದ್ದಳು, ಆ ದಿನದ ಕೂಲಿ ಹೋಯಿತೇ, ಒಟಿಪಿಗೆ ಆಕೆಯ ಬಳಿ ಫೋನ್ ಇತ್ತೇ, ರೇಷನ್ ಕೊಡದೆ ಕಳಿಸಿದ್ದಕ್ಕೆ ಅಂಗಡಿಯವನು ಎಲ್ಲಾದರೂ ದಾಖಲೆ ಮಾಡಿದನೇ ಎಂದು ಕೇಳುತ್ತೇನೆ. ಕೊನೆಯ ಪ್ರಶ್ನೆ ಮುಖ್ಯ. ವಾಪಸ್ ಹೋದವರ ದಾಖಲೆಯೇ ಇಲ್ಲದಿದ್ದರೆ ಸರ್ಕಾರದ ಅಂಕಿಅಂಶದಲ್ಲಿ ಆ ಅಜ್ಜಿ ಬಂದೇ ಇಲ್ಲ.

ಕನ್ನಡದ ಕೆಲಸವೂ ಇಲ್ಲಿ ಬೇಕಾದಷ್ಟಿದೆ. ದತ್ತಾಂಶ ಕಾಯ್ದೆಯ 5(3)ರ ಪ್ರಕಾರ ನಿಮ್ಮ ಮಾಹಿತಿ ಪಡೆಯುವ ಮುಂಚೆ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಿಮಗೆ ಇರಬೇಕು. ಈ ಕಲಮು ಜಾರಿಗೆ ಬಂದ ಮೇಲೆ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಅಭಿಮಾನದ ಮಾತಲ್ಲ, ಕಾನೂನಿನ ಮಾತು. ಆದರೆ ಆ ಕನ್ನಡವನ್ನು ಬರೆಯುವವರು ಯಾರು? ಯಂತ್ರಾನುವಾದ ಮಾಡಿ ಅಂಟಿಸಿದರೆ ಮುಗಿಯಿತು ಎಂದು ಕಂಪನಿಗಳು ಅಂದುಕೊಂಡಿವೆ. ಸಾಲದ ಆ್ಯಪ್ ಒಂದರ ಸೂಚನೆಯನ್ನು ತಾವೇ ಕನ್ನಡದಲ್ಲಿ ಬರೆದು, ಎಸ್ಸೆಸ್ಸೆಲ್ಸಿವರೆಗೆ ಓದಿದವರೊಬ್ಬರಿಗೆ ಓದಿ ಹೇಳಿ, ‘ಈಗ ಇವರು ನಿಮ್ಮ ಫೋನಿನಿಂದ ಏನೇನು ತಗೋತಾರೆ?’ ಎಂದು ಕೇಳಿ ಬನ್ನಿ ಎಂದು ಹುಡುಗರಿಗೆ ಹೇಳುತ್ತೇನೆ. ‘ಕಾಂಟ್ಯಾಕ್ಟ್ ಎಲ್ಲ ತಗೋತಾರೆ, ಕಟ್ಟದೇ ಇದ್ರೆ ನೆಂಟರಿಗೆಲ್ಲ ಫೋನ್ ಮಾಡ್ತಾರೆ’ ಎಂಬ ಉತ್ತರ ಬಂದರೆ ಕೇಳಿದವರಿಗೆ ವಿಷಯ ಮುಟ್ಟಿದೆ ಎಂದು ಲೆಕ್ಕ.

ಕಲಿಯಲು ಜಾಗ ಇಲ್ಲವೆಂದೇನಿಲ್ಲ. ಬೆಂಗಳೂರೊಂದರಲ್ಲೇ ನ್ಯಾಷನಲ್ ಲಾ ಸ್ಕೂಲ್, ತಕ್ಷಶಿಲಾ, ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ, ಐಟಿ ಫಾರ್ ಚೇಂಜ್ ಇವೆ. ದಿಲ್ಲಿಯಲ್ಲಿ ಪಿಆರ್‌ಎಸ್ ಸಂಸ್ಥೆ 2010ರಿಂದ ಲ್ಯಾಂಪ್ ಫೆಲೋಶಿಪ್ ನಡೆಸುತ್ತಿದೆ. ಪದವಿ ಮುಗಿಸಿದವರು ಸುಮಾರು ಒಂದು ವರ್ಷ ಒಬ್ಬ ಸಂಸದರ ಜೊತೆ ಕೆಲಸ ಮಾಡುತ್ತಾರೆ, ಪ್ರಶ್ನೆ ತಯಾರಿಸುತ್ತಾರೆ, ಮಸೂದೆ ಓದಿ ಟಿಪ್ಪಣಿ ಕೊಡುತ್ತಾರೆ. ಒಳ್ಳೆಯ ಗರಡಿ. ರಾಜ್ಯದ ಶಾಸಕರಿಗೂ ಇಂಥ ಸಹಾಯಕರು ಬೇಕು, ದಿಲ್ಲಿಗಿಂತ ಹೆಚ್ಚು ಬೇಕು. ಯಾಕೆಂದರೆ ತಂತ್ರಜ್ಞಾನದ ಕಾನೂನು ಈಗ ಇಲ್ಲೂ ಆಗುತ್ತಿದೆ. ಸ್ವಿಗ್ಗಿ, ಜೊಮ್ಯಾಟೊ, ಊಬರ್ ಥರದ ಆ್ಯಪ್‌ಗಳ ಕಾರ್ಮಿಕರಿಗಾಗಿ 2025ರಲ್ಲಿ ಕರ್ನಾಟಕ ತನ್ನದೇ ಕಾಯ್ದೆ ಮಾಡಿತು. ಅದರ ಕರಡು 2024ರಲ್ಲೇ ಸಾರ್ವಜನಿಕರ ಅಭಿಪ್ರಾಯಕ್ಕೆ ಬಂದಿತ್ತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕೆಲಸದಿಂದ ತೆಗೆಯುವ ಮುಂಚೆ ಕಾರಣ ಸಮೇತ ನೋಟಿಸ್, ಅಲ್ಗಾರಿದಂ ಕೆಲಸ ಹೇಗೆ ಹಂಚುತ್ತದೆ ಎಂದು ತಿಳಿಯುವ ಹಕ್ಕು, ಇವೆಲ್ಲ ಅದರಲ್ಲಿವೆ. ‘ಐಡಿ ಬ್ಲಾಕ್ ಆಯ್ತು ಅಣ್ಣ, ಯಾಕಂತ ಯಾರೂ ಹೇಳಲ್ಲ’ ಎಂದು ಡೆಲಿವರಿ ಹುಡುಗರು ಪಡುವ ಗೋಳು ಕಲಮಾಗಿ ಬಂದಿದೆಯಲ್ಲ, ಅದರ ಹಿಂದೆ ಕಾರ್ಮಿಕ ಸಂಘಗಳ ಜೊತೆ ಕೂತು ಕರಡು ತಿದ್ದಿದವರ ದುಡಿಮೆ ಇದೆ.

ಕೊನೆಯದಾಗಿ, ಯಾರೂ ಜೋರಾಗಿ ಕೇಳದ ವಿಷಯ. ಈ ಹುಡುಗರಿಗೆ ಸಂಬಳ ಕೊಡುವವರು ಯಾರು? ಕಾನೂನು ಸಂಸ್ಥೆ, ಕಂಪನಿಗಳ ಪಬ್ಲಿಕ್ ಪಾಲಿಸಿ ವಿಭಾಗ ಕೊಡುವ ಸಂಬಳದ ಎದುರು ಹಕ್ಕುಗಳ ಸಂಸ್ಥೆಯ ಫೆಲೋಶಿಪ್ ಏನೇನೂ ಅಲ್ಲ. ಮನೆ ಸಾಲ, ತಂಗಿ ಮದುವೆ ಇರುವವರು ಎರಡು ವರ್ಷ ದುಡಿದು ಆ ಕಡೆ ಹೋಗುತ್ತಾರೆ. ಅವರನ್ನು ಬೈಯುವ ಹಕ್ಕು ನನಗಿಲ್ಲ. ಆದರೆ ತರಬೇತಿ ಶಿಬಿರಗಳಿಗೂ ದುಡ್ಡು ಅದೇ ಕಂಪನಿಗಳಿಂದ ಬರುತ್ತಿದ್ದರೆ, ಅದನ್ನು ಮೊದಲ ದಿನವೇ ಹೇಳಬೇಕು. ಉಳಿದ ದಾರಿ ಸಣ್ಣದು, ಆದರೂ ಇದೆ. ವಕೀಲರ ಸಂಘಗಳು, ಕನ್ನಡ ಪತ್ರಿಕೆಗಳು, ಜಿಲ್ಲಾ ಕಾನೂನು ಕಾಲೇಜುಗಳು ತಮ್ಮ ತಮ್ಮ ಕೆಲಸದ ಒಳಗೇ ಇದಕ್ಕೆ ವಾರಕ್ಕೆ ಅರ್ಧ ದಿನ ತೆಗೆದಿಡಬಹುದು. ಧಾರವಾಡದಲ್ಲೋ ಕಲಬುರಗಿಯಲ್ಲೋ ಐದು ಜನ ಸೇರಿ ಒಂದು ಕರಡಿಗೆ ಕಲಮುವಾರು ಆಕ್ಷೇಪಣೆ ಬರೆದರೆ ಅದಕ್ಕೆ ಬೇಕಾಗುವುದು ಒಂದು ಪ್ರಿಂಟರ್, ಟೀ ಖರ್ಚು.

ಇಲ್ಲಿ ಬಾಗಿಲ ಬಳಿ ದತ್ತಾಂಶ ಕಾಯ್ದೆಯ ಪ್ರತಿಗಳನ್ನು ಇಟ್ಟಿದ್ದೇವೆ, 44ನೇ ಕಲಮು ಕೊನೆಯ ಪುಟಗಳಲ್ಲಿದೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ಹಿಂದಿನ ಸಾಲಿನಿಂದ ಶುರು ಮಾಡೋಣ, ಮುಂದೆ ಕೂತವರು ಹೇಗಿದ್ದರೂ ಮೈಕ್ ಹಿಡಿಯುತ್ತಾರೆ.