ಮೊದಲು ವಾಪಸ್ ರೈಲು ನೋಡಿ: ಇಂಗ್ಲೆಂಡಿನಲ್ಲಿ ಟೆಸ್ಟ್ ಪಂದ್ಯಕ್ಕೆ ರೈಲಿನಲ್ಲಿ ಹೋಗುವವರಿಗೆ

ಎಲ್ಲರಿಗೂ ನಮಸ್ಕಾರ.

ಟೆಸ್ಟ್ ನೋಡಲು ಹೊರಟವರು ಬೆಳಿಗ್ಗೆ ಹೋಗುವ ರೈಲನ್ನು ಮೊದಲು ಹುಡುಕುತ್ತಾರೆ. ಕೈತಪ್ಪುವುದು ಸಾಮಾನ್ಯವಾಗಿ ಸಂಜೆಯ ರೈಲು. ಆಟ 11ಕ್ಕೆ ಶುರು, 6ಕ್ಕೆ ಮುಗಿಯಬೇಕು. ದಿನದ 90 ಓವರ್ ಆಗದಿದ್ದರೆ ಇನ್ನರ್ಧ ಗಂಟೆ, ಮಳೆ ಬಂದಿದ್ದರೆ ಅದಕ್ಕೂ ಹೆಚ್ಚು. ಆಮೇಲೆ ಸಾವಿರಾರು ಜನ ಒಟ್ಟಿಗೆ ಹೊರಗೆ ಬರುತ್ತಾರೆ. ಊರು ಬಿಡುವ ರೈಲು ರಾತ್ರಿ 8ರ ನಂತರದ್ದಾಗಿರಲಿ.

ಇಲ್ಲೇ ಟಿಕೆಟ್ಟಿನ ಪ್ರಶ್ನೆ ಬರುವುದು. ಅಡ್ವಾನ್ಸ್ ಟಿಕೆಟ್ ಅಗ್ಗ, ಆದರೆ ಅದು ಒಂದೇ ರೈಲಿಗೆ ಸಲ್ಲುತ್ತದೆ. ನಿಮ್ಮಿಂದಲೇ ಆ ರೈಲು ತಪ್ಪಿದರೆ ಹೊಸ ಟಿಕೆಟ್ ಕೊಳ್ಳಬೇಕು. ದಾರಿಯಲ್ಲಿ ರೈಲು ಬದಲಿಸಬೇಕಿದ್ದು, ಮೊದಲ ರೈಲೇ ತಡವಾಗಿ ಎರಡನೆಯದು ತಪ್ಪಿದರೆ ಮಾತ್ರ ಅದೇ ಕಂಪನಿಯ ಮುಂದಿನ ರೈಲಿಗೆ ಹತ್ತಬಹುದು. ಆಫ್-ಪೀಕ್ (ದಟ್ಟಣೆಯಿಲ್ಲದ ಹೊತ್ತಿನ) ಟಿಕೆಟ್ ದುಬಾರಿ, ಆದರೆ ಅದಕ್ಕೆ ನಿರ್ಬಂಧವಿಲ್ಲದ ಹೊತ್ತಿನ ಯಾವ ರೈಲಾದರೂ ಸರಿ. ಹೋಗಲು ಅಡ್ವಾನ್ಸ್, ಬರಲು ಆಫ್-ಪೀಕ್ ಎಂಬುದು ಒಳ್ಳೆಯ ಉಪಾಯವೇ. ಆದರೂ ಲೆಕ್ಕ ಹಾಕಿ ನೋಡಿ: ಹಲವು ಮಾರ್ಗಗಳಲ್ಲಿ ಆಫ್-ಪೀಕ್ ಒಂದು ಕಡೆಯ ದರ, ಹೋಗಿ ಬರುವ ದರಕ್ಕಿಂತ ಅಷ್ಟೇನೂ ಕಡಿಮೆ ಇರುವುದಿಲ್ಲ. ಇಬ್ಬರು ಒಟ್ಟಿಗೆ ಹೋಗುವುದಾದರೆ ಟು ಟುಗೆದರ್ ರೈಲ್‌ಕಾರ್ಡ್ ಎಂಬ ರಿಯಾಯಿತಿ ಕಾರ್ಡ್ ಮೂರನೇ ಒಂದು ಭಾಗ ಉಳಿಸುತ್ತದೆ. ಅದು ವಾರದ ದಿನಗಳಲ್ಲಿ ಬೆಳಿಗ್ಗೆ 9:30ರ ಮೊದಲು ನಡೆಯುವುದಿಲ್ಲ. ಉದಾಹರಣೆಗೆ, ಲಂಡನ್ನಿನಿಂದ ಮ್ಯಾಂಚೆಸ್ಟರ್‌ಗೆ ಎರಡು ಗಂಟೆಗೂ ಹೆಚ್ಚು ದಾರಿ. 9:30ರ ನಂತರ ಹೊರಟರೆ ಊಟದ ವಿರಾಮಕ್ಕೆ ಸ್ವಲ್ಪ ಮೊದಲು ಮೈದಾನ ಸೇರುತ್ತೀರಿ.

ಭಾನುವಾರದ ಆಟಕ್ಕೆ ಹೆಚ್ಚು ಎಚ್ಚರ ಬೇಕು. ವಾರವಿಡೀ ಹಳಿಗೆ ಬಿಡುವಿರುವುದಿಲ್ಲ, ಹಾಗಾಗಿ ದುರಸ್ತಿ ಕೆಲಸವನ್ನು ಶನಿವಾರ ರಾತ್ರಿ ಮತ್ತು ಭಾನುವಾರಕ್ಕೆ ಇಡುತ್ತಾರೆ. ಮೊದಲ ರೈಲು ತಡ, ಕೊನೆಯದು ಬೇಗ, ನಡುವೆ ಎಲ್ಲೋ ರೈಲಿನ ಬದಲು ಬಸ್ಸು. ಪಂದ್ಯದ ಟಿಕೆಟ್ ಕೊಳ್ಳುವ ಹೊತ್ತಿಗೆ ಇದೇನೂ ಕಾಣದು. ಅಡ್ವಾನ್ಸ್ ಟಿಕೆಟ್ ಸಾಮಾನ್ಯವಾಗಿ ಸುಮಾರು 12 ವಾರ ಮೊದಲು ಬಿಡುತ್ತಾರೆ. ಆಗೊಮ್ಮೆ, ಹೊರಡುವ ವಾರ ಇನ್ನೊಮ್ಮೆ ನ್ಯಾಷನಲ್ ರೈಲ್ ಎನ್‌ಕ್ವೈರೀಸ್ ಜಾಲತಾಣದಲ್ಲಿ ನೋಡಿ.

ಇನ್ನು ಮೈದಾನಗಳು. ಲಾರ್ಡ್ಸ್‌ಗೆ ಲಂಡನ್ ಮೆಟ್ರೋದ ಜುಬಿಲಿ ಮಾರ್ಗದ ಸೇಂಟ್ ಜಾನ್ಸ್ ವುಡ್ ನಿಲ್ದಾಣ ಹತ್ತಿರ. ಸಂಜೆ ಅಲ್ಲಿ ಸರದಿ ಬೆಳೆದಿದ್ದರೆ ಬೇಕರ್ ಸ್ಟ್ರೀಟ್ ಅಥವಾ ಮೇರಿಲಬೋನ್‌ವರೆಗೆ ನಡೆದುಬಿಡಿ. 1899ರಲ್ಲಿ ಮೇರಿಲಬೋನ್‌ಗೆ ಬಂದ ರೈಲು ಮಾರ್ಗ ಲಾರ್ಡ್ಸ್‌ನ ನರ್ಸರಿ ಎಂಬ ಅಭ್ಯಾಸ ಮೈದಾನದ ಅಡಿಯ ಸುರಂಗದಲ್ಲೇ ಹಾದುಹೋಗುತ್ತದೆ, ಇಂದಿಗೂ. ಪಕ್ಕದಲ್ಲೇ ಒಂದು ಹಳೆಯ ನಿಲ್ದಾಣವೂ ಇತ್ತು: 1939ರಲ್ಲಿ ಅದಕ್ಕೆ ಲಾರ್ಡ್ಸ್ ಎಂದು ಹೆಸರಿಟ್ಟು, ಅದೇ ವರ್ಷ ಮುಚ್ಚಿದರು. ನಮ್ಮ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ 1971ರಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತ ಓವಲ್‌ಗೆ ನಾರ್ದರ್ನ್ ಮಾರ್ಗದ ಓವಲ್ ನಿಲ್ದಾಣ ಅತಿ ಹತ್ತಿರ. ವಾಟರ್‌ಲೂ ಕಡೆಯಿಂದ ಬರುವವರು ಮುಂದಿನ ವಾಕ್ಸ್‌ಹಾಲ್‌ನಲ್ಲಿ ಇಳಿದು ನಡೆಯಬಹುದು.

ಹೆಡಿಂಗ್ಲಿ ಮೈದಾನಕ್ಕೆ ಲೀಡ್ಸ್‌ನಲ್ಲಿ ಹ್ಯಾರೊಗೇಟ್ ಕಡೆಯ ರೈಲು ಹಿಡಿಯಿರಿ. ಮೊದಲು ಸಿಗುವುದು ಬರ್ಲಿ ಪಾರ್ಕ್ ನಿಲ್ದಾಣ, ಆಮೇಲೆ ಹೆಡಿಂಗ್ಲಿ ನಿಲ್ದಾಣ. ಬೆಳಿಗ್ಗೆ ಬರ್ಲಿ ಪಾರ್ಕ್‌ನಲ್ಲಿ ಇಳಿಯಿರಿ, ಸಂಜೆ ಹೆಡಿಂಗ್ಲಿಯಲ್ಲಿ ಹತ್ತಿ. ವಾಪಸ್ ರೈಲು ಹೆಡಿಂಗ್ಲಿಗೇ ಮೊದಲು ಬರುವುದರಿಂದ ಅಲ್ಲೇ ತುಂಬಿಕೊಳ್ಳುತ್ತದೆ. ಬರ್ಲಿ ಪಾರ್ಕ್‌ನಲ್ಲಿ ಕಾದವರಿಗೆ ನಿಲ್ಲಲೂ ಜಾಗ ಸಿಗದಿರಬಹುದು. ಮ್ಯಾಂಚೆಸ್ಟರ್‌ನಲ್ಲಿ ಪಿಕಾಡಿಲಿ ನಿಲ್ದಾಣದಿಂದ ಆಲ್ಟ್ರಿಂಚಮ್ ಕಡೆಯ ಟ್ರ್ಯಾಮ್ ಓಲ್ಡ್ ಟ್ರಾಫರ್ಡ್ ಮೈದಾನದ ಪಕ್ಕದಲ್ಲೇ ಇಳಿಸುತ್ತದೆ. ಹತ್ತುವಾಗಲೂ ಇಳಿದ ಮೇಲೂ ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ಬ್ಯಾಂಕ್ ಕಾರ್ಡ್ ಮುಟ್ಟಿಸಿ. ನಾಟಿಂಗ್‌ಹ್ಯಾಮ್ ನಿಲ್ದಾಣದಿಂದ ಟ್ರೆಂಟ್ ಬ್ರಿಡ್ಜ್‌ಗೆ ನಡೆದೇ ಹೋಗಬಹುದು, ಇಪ್ಪತ್ತು ಇಪ್ಪತ್ತೈದು ನಿಮಿಷ. ಕಷ್ಟದ್ದು ಎಜ್‌ಬಾಸ್ಟನ್. ಮೈದಾನದ ಬಾಗಿಲಲ್ಲಿ ನಿಲ್ದಾಣವಿಲ್ಲ. ಬರ್ಮಿಂಗ್‌ಹ್ಯಾಮ್ ನ್ಯೂ ಸ್ಟ್ರೀಟ್‌ನಿಂದ ಸುಮಾರು 3 ಕಿ.ಮೀ., ಬಸ್ಸು ಇಲ್ಲವೇ ಕಾಲ್ನಡಿಗೆ. ಮೇರಿಲಬೋನ್‌ನಿಂದ ಬಂದವರು ಇಳಿಯುವುದು ಮೂರ್ ಸ್ಟ್ರೀಟ್‌ನಲ್ಲಿ. ವಾಪಸ್ ಹೋಗುವಾಗ ನ್ಯೂ ಸ್ಟ್ರೀಟ್‌ಗೆ ಹೋಗಿ ನಿಂತರೆ ಆ ರೈಲು ಸಿಗದು.

ರೈಲೇ ತಡವಾದರೆ ಡಿಲೇ ರಿಪೇ, ಅಂದರೆ ತಡಕ್ಕೆ ಕೊಡುವ ಪರಿಹಾರ, ಕೇಳಿ. ಹೆಚ್ಚಿನ ಕಂಪನಿಗಳು 15 ನಿಮಿಷ ತಡಕ್ಕೆ ಒಂದು ಕಡೆಯ ದರದ 25%, 30 ನಿಮಿಷಕ್ಕೆ 50%, ಒಂದು ಗಂಟೆಗೆ ಪೂರ್ತಿ ಹಣ ಕೊಡುತ್ತವೆ. ಅರ್ಜಿಗೆ 28 ದಿನ ಅವಕಾಶ. ಕಾಗದದ ಟಿಕೆಟ್ಟಾದರೆ ಗೇಟಿಗೆ ಹಾಕುವ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ. ಪ್ರಯಾಣ ಮುಗಿದ ಟಿಕೆಟ್ಟನ್ನು ಗೇಟು ಒಳಗೇ ಇಟ್ಟುಕೊಳ್ಳುತ್ತದೆ.