ಮೆಥಿಲೀನ್ ಬಾಗಿದೆಯೋ, ನೆಟ್ಟಗಿದೆಯೋ?

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಕಾರ್ಬನ್, ಅದಕ್ಕೆ ಅಂಟಿಕೊಂಡ ಎರಡು ಹೈಡ್ರೋಜನ್. ಇಷ್ಟೇ ಮೆಥಿಲೀನ್. ಹುಟ್ಟಿದ ಕೂಡಲೇ ಬೇರೆ ಯಾವುದಕ್ಕಾದರೂ ಸೇರಿಬಿಡುವ ಅಣು ಇದು, ಬಾಟಲಿಯಲ್ಲಿ ಹಿಡಿದಿಡಲು ಆಗದು. ಇದರ ಆಕಾರ ತೀರ್ಮಾನವಾಗಲು ಹತ್ತು ವರ್ಷವೇ ಹಿಡಿಯಿತು.

ಅಣುವಿಗೆ ಆಕಾರ ಬರುವುದು ಹೇಗೆ? ಪರಮಾಣುಗಳನ್ನು ಒತ್ತಿ ಹತ್ತಿರ ತಂದರೆ ಶಕ್ತಿ ಏರುತ್ತದೆ. ದೂರ ಎಳೆದರೂ ಏರುತ್ತದೆ, ಕೋನ ತಪ್ಪಿಸಿದರೂ ಅಷ್ಟೇ. ಶಕ್ತಿ ಎಲ್ಲಿ ಕನಿಷ್ಠವೋ ಅದೇ ಸಮತೋಲನದ ಆಕಾರ. ಬೋಗುಣಿಗೆ ಹಾಕಿದ ಗೋಲಿ ತಳ ಸೇರುತ್ತದಲ್ವಾ, ಹಾಗೆ. ಆದರೆ ಅಣು ಎಷ್ಟೇ ತಣ್ಣಗಾದರೂ ತಳದಲ್ಲಿ ಸುಮ್ನೆ ಕೂರುವುದಿಲ್ಲ, ಸ್ವಲ್ಪ ಅಲುಗಾಡುತ್ತಲೇ ಇರುತ್ತದೆ. ನೀರಿನ ಕೋನ, ಅಂದರೆ ನಡುವಿನ ಆಕ್ಸಿಜನ್‌ನಿಂದ ಎರಡು ಹೈಡ್ರೋಜನ್‌ಗಳಿಗೆ ಹೋಗುವ ಬಂಧಗಳ ನಡುವಿನ ಕೋನ, 104.5 ಡಿಗ್ರಿ ಅನ್ನುವಾಗ ನಾವು ಹೇಳುತ್ತಿರುವುದು ಆ ತಳದ ಮಾತು.

1960ರಲ್ಲಿ ಫಾಸ್ಟರ್ ಮತ್ತು ಬಾಯ್ಸ್ ಎಂಬ ವಿಜ್ಞಾನಿಗಳು ಶಕ್ತಿ ಎಲ್ಲಿ ಕನಿಷ್ಠ ಎಂದು ಲೆಕ್ಕ ಹಾಕಿ, ಮೆಥಿಲೀನ್ ಬಾಗಿದೆ, ಕೋನ 129 ಡಿಗ್ರಿ ಅಂದರು. ಮರುವರ್ಷ ಕೆನಡಾದ ಗೆರ್ಹಾರ್ಡ್ ಹೆರ್ಟ್ಸ್‌ಬರ್ಗ್ ಅದರ ರೋಹಿತವನ್ನು, ಅಂದರೆ ಅಣು ಹೀರುವ ಬೆಳಕಿನ ಗೆರೆಗಳ ಸಾಲನ್ನು ಓದಿ, ಇಲ್ಲ, ನೆಟ್ಟಗಿದೆ ಅಂದರು. ಬಾಗಿದ್ದರೆ ಕಾಣಬೇಕಿದ್ದ ಕೆಲವು ಗೆರೆಗಳು ಅವರ ರೋಹಿತದಲ್ಲಿ ಇರಲಿಲ್ಲ. ಅವರಷ್ಟು ಚೆನ್ನಾಗಿ ರೋಹಿತ ಓದಬಲ್ಲವರು ಆಗ ತೀರಾ ವಿರಳ. ಲೋಕ ಅವರನ್ನೇ ನಂಬಿತು. ನಂಬಿದ್ದು ತಪ್ಪೂ ಅಲ್ಲ, ಆ ಕಾಲದ ಲೆಕ್ಕಗಳು ಇನ್ನೂ ಒರಟಾಗಿದ್ದವು.

1970ರಲ್ಲಿ ಬೆಂಡರ್ ಮತ್ತು ಷೇಫರ್ ಇನ್ನೂ ನಿಖರವಾದ ಲೆಕ್ಕ ಮಾಡಿದರು. ಬಂದ ಉತ್ತರ 135.1 ಡಿಗ್ರಿ. ಅದೇ ವರ್ಷ ಮೆಥಿಲೀನನ್ನು ಹೆಪ್ಪುಗಟ್ಟಿದ ಜೆನಾನ್ ಅನಿಲದಲ್ಲಿ ಸೆರೆಹಿಡಿದು ಮಾಡಿದ ಪ್ರಯೋಗವೂ ಬಾಗಿದೆ ಅಂತಲೇ ಹೇಳಿತು. ಹೆರ್ಟ್ಸ್‌ಬರ್ಗ್ ತಮ್ಮ ಹಳೆಯ ರೋಹಿತವನ್ನು ಮತ್ತೆ ಕೂತು ಓದಿದರು, ಬಾಗಿದೆ ಎಂದು ಒಪ್ಪಿದರು. 1971ರಲ್ಲಿ ಅವರಿಗೆ ನೊಬೆಲ್ ಬಂತು. ಆ ಒಪ್ಪಿಗೆಯ ಬಗ್ಗೆ ನನಗೆ ನೊಬೆಲ್‌ಗಿಂತ ಜಾಸ್ತಿ ಗೌರವ.

ರಸಾಯನಶಾಸ್ತ್ರ ಓದುತ್ತಿರುವವರು ಈ ಲೆಕ್ಕವನ್ನು ಇವತ್ತು ಮನೆಯ ಲ್ಯಾಪ್‌ಟಾಪ್‌ನಲ್ಲೇ ಮಾಡಬಹುದು. ಅದಕ್ಕೆ ಉಚಿತ ತಂತ್ರಾಂಶಗಳಿವೆ. ಮೆಥಿಲೀನ್‌ನಲ್ಲಿ ಜೊತೆಯಿಲ್ಲದ ಎರಡು ಒಂಟಿ ಎಲೆಕ್ಟ್ರಾನ್‌ಗಳಿವೆ. ಅವುಗಳ ಸ್ಪಿನ್, ಅಂದರೆ ಎಲೆಕ್ಟ್ರಾನಿನ ಪುಟ್ಟ ಆಯಸ್ಕಾಂತದಂಥ ಗುಣ, ಒಂದೇ ದಿಕ್ಕಿನಲ್ಲಿದೆ ಅಂತ ತಂತ್ರಾಂಶಕ್ಕೆ ಮರೆಯದೆ ತಿಳಿಸಿ, ಇಲ್ಲದಿದ್ದರೆ 102ರ ಆಸುಪಾಸಿನ ಬೇರೆಯದೇ ಕೋನ ಬರುತ್ತದೆ. ಇನ್ನೊಂದು ವಿಷಯ, ಸರಿಯಾಗಿ 180 ಡಿಗ್ರಿಯಿಂದ, ಅಂದರೆ ನೆಟ್ಟಗಿರುವ ಆಕಾರದಿಂದ ಶುರು ಮಾಡಬೇಡಿ. ಅಲ್ಲಿ ಅಣುವಿಗೆ ಯಾವ ಕಡೆಗೂ ಎಳೆತ ಇರದು, ಲೆಕ್ಕ ಅಲ್ಲೇ ನಿಂತುಬಿಡುತ್ತದೆ. 170 ಕೊಟ್ಟು ನೋಡಿ, ಹೆಜ್ಜೆ ಹೆಜ್ಜೆಯಾಗಿ 134ರ ಹತ್ತಿರಕ್ಕೆ ತಾನೇ ಇಳಿದು ಬರುತ್ತದೆ.

ನಮಸ್ಕಾರ.