ಜೀಪಿನ ಚಾಲಕನಿಗೆ ಕಾಲು ಚಾಚಲು ಜಾಗ

ಕೇಳುಗ ಬಂಧುಗಳಿಗೆ ನಮಸ್ಕಾರ.

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಆದೂರಿನ ಮೂಲಕ ಜಾಲ್ಸೂರಿಗೆ ಹೋಗುವ ಮಾರ್ಗವನ್ನು ಬಿಟ್ಟು ಎಡಕ್ಕಾಗಲಿ ಬಲಕ್ಕಾಗಲಿ ಒಂದು ಮೈಲಿ ಒಳಗೆ ಹೋದರೆ ಸಾಕು, ಡಾಮರು ಮುಗಿದು ಮುರಕಲ್ಲಿನ ಏರು ತೊಡಗುತ್ತದೆ. ಅಂಥದೊಂದು ಏರಿನ ತುದಿಯಲ್ಲಿ ನನ್ನ ಮನೆಯೂ ಅಡಿಕೆ ತೋಟವೂ ಇವೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಿಂದ ಇಂದಿನವರೆಗೆ, 26 ವರ್ಷ, ಗೊಬ್ಬರದ ಗೋಣಿ, ಸುಲಿದ ಅಡಿಕೆ, ರಬ್ಬರ್ ಶೀಟು, ಮಳೆಗಾಲದಲ್ಲಿ ನೆರೆಮನೆಯ ಮಕ್ಕಳು, ಎಲ್ಲವನ್ನೂ ಎಲ್ಲರನ್ನೂ ಒಂದೇ ಹಳೆಯ ಜೀಪಿನಲ್ಲಿ ಹತ್ತಿಸಿ ಇಳಿಸುತ್ತಿದ್ದೇನೆ. ಜೀಪಿನ ಎಂಜಿನ್ನು, ಟಯರು, ಮೈಲೇಜುಗಳ ಬಗ್ಗೆ ನಮ್ಮ ಕಡೆಯ ಅಂಗಡಿ ಜಗಲಿಗಳಲ್ಲಿ ಎಷ್ಟು ಹೊತ್ತು ಬೇಕಾದರೂ ಮಾತು ನಡೆಯುತ್ತದೆ. ಅದನ್ನು ಓಡಿಸುವವನು ಹೇಗೆ ಕುಳಿತಿರುತ್ತಾನೆ ಎಂಬ ಮಾತು ಬರುವುದು ಮಾತ್ರ ಯಾರಾದರೂ ಸೊಂಟ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ ಬಂದ ಮೇಲೆ.

ನನ್ನ ಎತ್ತರ 5 ಅಡಿ 11 ಅಂಗುಲ. ಆ ಜೀಪಿನಲ್ಲಿ ಕುಳಿತರೆ ನನ್ನ ಬಲ ಮೊಣಕಾಲು ಸ್ಟಿಯರಿಂಗ್ ಚಕ್ರದ ಕೆಳ ಅಂಚಿಗೆ ತಾಗುತ್ತಿತ್ತು. ಆಕ್ಸಿಲರೇಟರಿನಿಂದ ಬ್ರೇಕಿಗೆ ಕಾಲು ತರಬೇಕಾದರೆ ಮೊಣಕಾಲನ್ನು ಮೊದಲು ಹೊರಕ್ಕೆ ವಾಲಿಸಿ, ಚಕ್ರವನ್ನು ತಪ್ಪಿಸಿ, ಮತ್ತೆ ಒಳಕ್ಕೆ ತರಬೇಕಾಗಿತ್ತು. ಚೆರ್ಕಳಕ್ಕೆ ಹೋಗಿ ಬರುವಷ್ಟರಲ್ಲಿ ತೊಡೆಯ ಕೆಳಭಾಗ ಜೋಮು ಹಿಡಿಯುತ್ತಿತ್ತು. ಇಳಿದ ಮೇಲೆ ಒಂದೆರಡು ನಿಮಿಷ ಬಾಗಿಕೊಂಡೇ ನಡೆಯುತ್ತಿದ್ದೆ.

ಈ ಇಕ್ಕಟ್ಟು ಜೀಪಿನ ಹುಟ್ಟುಗುಣ. 1941ರಿಂದ ಅಮೆರಿಕದ ಸೇನೆಗಾಗಿ ತಯಾರಾದ ವಿಲ್ಲೀಸ್ ಜೀಪಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ ಕೇವಲ 80 ಅಂಗುಲ, ಅಂದರೆ ಎರಡು ಮೀಟರಿಗಿಂತ ತುಸು ಹೆಚ್ಚು. ಅಷ್ಟರೊಳಗೆ ಗೇರಿನ ಪೆಟ್ಟಿಗೆ, ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಇನ್ನೊಂದು ಪೆಟ್ಟಿಗೆ, ಜನ, ಸಾಮಾನು ಎಲ್ಲವೂ ಹಿಡಿಸಬೇಕಿತ್ತು. ಪೆಟ್ರೋಲ್ ಟ್ಯಾಂಕನ್ನು ಚಾಲಕನ ಆಸನದ ಕೆಳಗೇ ಕೂರಿಸಿದ್ದರು. ಪೆಟ್ರೋಲ್ ತುಂಬಬೇಕಾದರೆ ಚಾಲಕ ಎದ್ದು ದಿಂಬನ್ನು ಎತ್ತಬೇಕು. ಕೆಳಗೆ ಟ್ಯಾಂಕು, ಬೆನ್ನ ಹಿಂದೆ ಹಿಂಚಕ್ರದ ಮೇಲಿನ ತಗಡಿನ ಪೆಟ್ಟಿಗೆ, ಎದುರಿಗೆ ದೊಡ್ಡ ಸ್ಟಿಯರಿಂಗ್ ಚಕ್ರ, ಈ ಮೂರರ ನಡುವೆ ಉಳಿದ ಜಾಗವೇ ಚಾಲಕನಿಗೆ. 1940ರ ದಶಕದ ಕೊನೆಗೆ ಮಹೀಂದ್ರಾ ಕಂಪೆನಿ ಮುಂಬಯಿಯಲ್ಲಿ ಈ ಜೀಪುಗಳನ್ನು ಜೋಡಿಸತೊಡಗಿತು. ಆಮೇಲೆ ಪೆಟ್ರೋಲ್ ಹೋಗಿ ಡೀಸೆಲ್ ಬಂತು, ಹೆಸರುಗಳು ಬದಲಾದವು, ಉದ್ದವೂ ಬೆಳೆಯಿತು. ಬೆಳೆದ ಉದ್ದವೆಲ್ಲ ಹಿಂದೆ ಕೂರುವವರ ಪಾಲಾಯಿತೇ ಹೊರತು ಚಾಲಕನ ಮೂಲೆ ಬಹುಕಾಲ ಹಾಗೆಯೇ ಉಳಿಯಿತು. ಯುದ್ಧಕ್ಕೆ ಹೊರಟ ಹುಡುಗರಿಗೆಂದು ಮಾಡಿದ ಆಸನದಲ್ಲಿ ಅರುವತ್ತು ದಾಟಿದ ಮಾಷ್ಟ್ರೊಬ್ಬ ಅಡಿಕೆ ಮಾರಲು ಹೋಗಬಹುದೆಂದು ಅದನ್ನು ಮಾಡಿದವರು ಎಣಿಸಿರಲಾರರು.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಆಸನ ಗಟ್ಟಿಯಾದ್ದರಿಂದ ನೋವು ಎಂದು ತಿಳಿದು, ಅದರ ಮೇಲೆ 4 ಅಂಗುಲ ದಪ್ಪದ ಮೆತ್ತನೆಯ ಫೋಮ್ ಹಾಕಿಸಿದೆ. ಕುಳಿತ ಕ್ಷಣಕ್ಕೆ ಸುಖವೆನಿಸಿತು. ಆದರೆ ದೇಹ ಮೇಲೆ ಬಂದದ್ದರಿಂದ ತೊಡೆ ಸ್ಟಿಯರಿಂಗಿಗೆ ಇನ್ನಷ್ಟು ಒತ್ತಿತು, ಗುಂಡಿಗೆ ಇಳಿದಾಗಲೆಲ್ಲ ನೆತ್ತಿ ಹುಡ್ಡಿನ ಕಬ್ಬಿಣದ ಕಂಬಿಗೆ ಬಡಿಯತೊಡಗಿತು. ಆರು ತಿಂಗಳಾಗುವಷ್ಟರಲ್ಲಿ ಫೋಮು ಕುಸಿದು, ಪ್ರತಿ ಕುಲುಕಿಗೂ ತಳದ ತಗಡು ತಾಗುವಂತಾಯಿತು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಆಸನವನ್ನು ಹಿಂದೆ ಮುಂದೆ ಸರಿಸುವ ಹಳಿಗಳನ್ನು ಬೇರೊಂದು ವಾಹನದಿಂದ ತೆಗೆದು, ಒಂದು ವರ್ಕ್‌ಶಾಪಿನಲ್ಲಿ ನನ್ನ ಜೀಪಿನ ತುಕ್ಕು ಹಿಡಿದ ತಳಕ್ಕೆ ವೆಲ್ಡ್ ಮಾಡಿಸಿದೆ. ಒಂದು ದಿನ ಸಂಜೆ ಮನೆಯ ಏರಿನ ನಡುವೆ, ಎದುರಿಗೆ ಹಸು ಅಡ್ಡ ಬಂದು ನಿಲ್ಲಿಸಿ ಮತ್ತೆ ಹೊರಡಬೇಕೆನ್ನುವಾಗ, ಹಳಿಯ ಕೊಕ್ಕೆ ಕಳಚಿ ಆಸನ ನನ್ನನ್ನು ಹೊತ್ತುಕೊಂಡು ಹಿಂದಕ್ಕೆ ಜಾರಿತು. ಬ್ರೇಕು ಒತ್ತಿದ್ದ ಕಾಲು ಗಾಳಿಯಲ್ಲಿ ಉಳಿಯಿತು. ಜೀಪು ಹಿಮ್ಮುಖವಾಗಿ ಉರುಳಿ, ಪುಣ್ಯಕ್ಕೆ ಕಣಿವೆಯ ಬದಿಗೆ ಹೋಗದೆ, ಮಾರ್ಗ ಕಡಿದಾಗ ಉಳಿದ ಮುರಕಲ್ಲಿನ ಗೋಡೆಗೆ ಆತು ನಿಂತಿತು. ಹಿಂದಿನ ದೀಪವೊಂದು ಒಡೆದದ್ದು ಬಿಟ್ಟರೆ ಬೇರೆ ನಷ್ಟವಾಗಲಿಲ್ಲ. ಆದ್ದರಿಂದ ಹಳಿ ಹಾಕಿಸುವವರಿಗೆ ನನ್ನ ಮಾತು ಇಷ್ಟೆ: ಎರಡೂ ಬದಿಯ ಹಳಿಗಳಿಗೆ ಬೀಗದ ಕೊಕ್ಕೆ ಇರಲಿ, ಒಂದು ಬದಿಗೆ ಮಾತ್ರ ಬೇಡ. ತೆಳು ತಗಡಿಗೆ ವೆಲ್ಡ್ ಮಾಡಿಸದೆ, ತಗಡಿನ ಅಡಿಗೆ ಅಂಗೈ ಅಗಲದ ದಪ್ಪ ಉಕ್ಕಿನ ಪಟ್ಟಿ ಇಟ್ಟು ಒಳ್ಳೆಯ ದರ್ಜೆಯ ಬೋಲ್ಟಿನಿಂದ ಬಿಗಿಸಲಿ. ಬೋಲ್ಟಿನ ತಲೆಯ ಮೇಲೆ 8.8 ಎಂಬ ಅಂಕೆ ಇದೆಯೇ ಎಂದು ನೋಡಿ ತೆಗೆದುಕೊಂಡರೆ ಸಾಕು.

ಕೊನೆಗೆ ದಾರಿ ತೋರಿಸಿದವರು ಸೀಟು ಹೊಲಿಯುವ ಒಬ್ಬ ಹಿರಿಯರು. ಅವರು ಜೀಪಿನ ಬಳಿಗೆ ಬಂದವರೇ ಫೋಮನ್ನು ಮುಟ್ಟಲಿಲ್ಲ. ನನ್ನನ್ನು ಕೂರಿಸಿ ಕ್ಲಚ್ಚನ್ನು ಪೂರ್ತಿ ಒತ್ತಲು ಹೇಳಿ, ಬದಿಯಲ್ಲಿ ನಿಂತು ನೋಡಿದರು.

"ಮಾಷ್ಟ್ರೇ, ನಿಮಗೆ ಮೆತ್ತಗಿನ ಸೀಟು ಬೇಕಾ, ಕಾಲಿಗೆ ಜಾಗ ಬೇಕಾ?" ಎಂದು ಕೇಳಿದರು.

ಎರಡೂ ಬೇಕೆಂದೆ. "ಹಾಗಾದರೆ ಮೊದಲು ಜಾಗ ಹುಡುಕುವ," ಎಂದು ಬೆನ್ನಿನ ದಿಂಬಿನ ಹೊಲಿಗೆಗೆ ಬ್ಲೇಡು ಹಾಕಿದರು. ಒಳಗೆ ಒಂದರ ಮೇಲೊಂದು ಮೂರು ಕಾಲದ ಪದರಗಳಿದ್ದವು: ತಳದಲ್ಲಿ ಪುಡಿಯಾದ ತೆಂಗಿನ ನಾರು, ಅದರ ಮೇಲೆ ಮಡಚಿ ತುರುಕಿದ ಗೋಣಿ, ಅದರ ಮೇಲೆ ಹಳದಿ ಬಣ್ಣಕ್ಕೆ ತಿರುಗಿದ ಫೋಮು. ಒಟ್ಟು ದಪ್ಪ 5 ಅಂಗುಲ. ಅದನ್ನೆಲ್ಲ ಕಿತ್ತು, ಎರಡು ಅಂಗುಲದ ಗಟ್ಟಿ ಫೋಮ್ ಇಟ್ಟು ಹೊಲಿದರೆ, ಒಂದು ಬೋಲ್ಟನ್ನೂ ಮುಟ್ಟದೆ ನನ್ನ ಸೊಂಟ 3 ಅಂಗುಲ ಹಿಂದಕ್ಕೆ ಹೋಯಿತು. ಹಿಂಚಕ್ರದ ಪೆಟ್ಟಿಗೆ ಅಡ್ಡ ಬಂದು ಆಸನ ಹಿಂದಕ್ಕೆ ಹೋಗದು ಎಂದು ವರ್ಷಗಟ್ಟಲೆ ಗೊಣಗಿದ್ದೆ. ನನಗೆ ಬೇಕಾದ ಜಾಗ ನನ್ನ ಬೆನ್ನ ಹಿಂದಿನ ದಿಂಬಿನಲ್ಲೇ ಇತ್ತು.

ಅಂದು ಅವರು ಕಲಿಸಿದ ಅಳತೆಗೆ ಟೇಪು ಬೇಡ. ಬೆನ್ನು ಪೂರ್ತಿ ಆತುಕೊಂಡು ಕ್ಲಚ್ಚನ್ನು ತಳದವರೆಗೆ ಒತ್ತಿದಾಗ ಮೊಣಕಾಲು ತುಸು ಮಡಚಿಯೇ ಇರಬೇಕು. ನೆಟ್ಟಗಾದರೆ ಆಸನ ದೂರವಾಯಿತು. ಭುಜ ದಿಂಬನ್ನು ಬಿಡದಂತೆ ಕೈ ಚಾಚಿದರೆ ಸ್ಟಿಯರಿಂಗಿನ ಮೇಲಂಚಿಗೆ ಮಣಿಕಟ್ಟು ತಾಗಬೇಕು. ಬೆರಳ ತುದಿ ಮಾತ್ರ ತಾಗಿದರೆ ಸಾಲದು. ಕೂರುವ ದಿಂಬಿನ ಮುಂದಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಹೋಗುವಷ್ಟು ಸಂದು ಇರಬೇಕು. ಇಲ್ಲದಿದ್ದರೆ ಅಂಚು ತೊಡೆಯನ್ನು ಒತ್ತಿ ಕಾಲು ಜೋಮು ಹಿಡಿಯುತ್ತದೆ.

ಇನ್ನು ಕೂರುವ ದಿಂಬಿನ ಓರೆ. ನನ್ನ ಜೀಪಿನಲ್ಲಿ ಅದು ಮಣೆಯಂತೆ ಸಮತಟ್ಟಾಗಿತ್ತು. ತಗ್ಗಿನಲ್ಲಿ ಇಳಿಯುವಾಗ ದೇಹ ಮುಂದಕ್ಕೆ ಜಾರುವುದನ್ನು ತಡೆಯಲು ನಾನು ಸ್ಟಿಯರಿಂಗನ್ನೇ ಹಿಡಿದು ತೂಗುತ್ತಿದ್ದೆ, ಅಂದರೆ ದಾರಿ ತಿರುಗಿಸಬೇಕಾದ ಕೈಗಳು ಮೈ ಹೊರುವ ಕೆಲಸ ಮಾಡುತ್ತಿದ್ದವು. ದಿಂಬಿನ ಮುಂಭಾಗದ ಅಡಿಗೆ ಮುಕ್ಕಾಲು ಅಂಗುಲದ ಮರದ ಪಟ್ಟಿ ಕೊಟ್ಟು ಎತ್ತಿದಾಗ ತೊಡೆಗೆ ಆಧಾರ ಸಿಕ್ಕಿತು, ಜಾರುವುದು ನಿಂತಿತು. ಅಂಚನ್ನು ಚೌಕವಾಗಿ ಬಿಡದೆ ಕೆಳಕ್ಕೆ ಉರುಟಾಗಿ ಕತ್ತರಿಸುವುದನ್ನು ಮಾತ್ರ ಮರೆಯಬಾರದು.

ಎಡಗಾಲಿನ ಕತೆ ಬೇರೆ. ಕ್ಲಚ್ಚಿನಿಂದ ತೆಗೆದ ಕಾಲನ್ನು ಎಲ್ಲಿಡುವುದು? ಹಳೆಯ ಜೀಪುಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ಆದುದರಿಂದ ಕಾಲು ಕ್ಲಚ್ಚಿನ ಮೇಲೆಯೇ ಉಳಿಯುತ್ತದೆ, ಕ್ಲಚ್ಚಿನ ಬೇರಿಂಗು ಬೇಗ ಸವೆಯುತ್ತದೆ, ದಿನವಿಡೀ ಎತ್ತಿ ಹಿಡಿದ ಕಾಲಿನಿಂದ ಸೊಂಟಕ್ಕೂ ನೋವು ಏರುತ್ತದೆ. ನಾನು ಹಲಸಿನ ಮರದ ತುಂಡೊಂದನ್ನು ಬೆಣೆಯಂತೆ ಕೆತ್ತಿಸಿ, ಮೇಲೆ ಹಳೆಯ ಟಯರಿನ ಚೂರು ಹೊಡೆದು, ಕ್ಲಚ್ಚಿನ ಎಡಕ್ಕೆ ಎರಡು ಬೋಲ್ಟು ಹಾಕಿ ನಿಲ್ಲಿಸಿದ್ದೇನೆ. ಕಡಿದಾದ ಇಳಿಜಾರಿನಲ್ಲಿ ಎಡಗಾಲನ್ನು ಅದಕ್ಕೆ ಒತ್ತಿ ಮೈಯನ್ನು ಬೆನ್ನಿನ ದಿಂಬಿಗೆ ಅಂಟಿಸಿ ಹಿಡಿಯಬಹುದು. ಬೋಲ್ಟಿಲ್ಲದೆ ಸುಮ್ಮನೆ ಇಟ್ಟ ತುಂಡು ಜಾರಿ ಪೆಡಲಿನ ಅಡಿಗೆ ಹೋದರೆ ಪ್ರಾಣಕ್ಕೇ ಕುತ್ತು.

ಮೆತ್ತನೆಯ ವಿಷಯಕ್ಕೆ ಬರುವುದಾದರೆ, ನಮ್ಮ ಬೆನ್ನುಮೂಳೆಯ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಕುಳಿತ ಮನುಷ್ಯನನ್ನು ಮೇಲಕ್ಕೆ ಕೆಳಕ್ಕೆ ಅಲುಗಿಸಿದಾಗ, ಸೆಕೆಂಡಿಗೆ ಸುಮಾರು 4ರಿಂದ 8 ಬಾರಿಯ ಅಲುಗಾಟಕ್ಕೆ ಮುಂಡ ಹೆಚ್ಚು ತೀವ್ರವಾಗಿ ಸ್ಪಂದಿಸುತ್ತದೆ. ಅಂದರೆ ಆಸನಕ್ಕಿಂತ ಬೆನ್ನೇ ಹೆಚ್ಚು ಕುಣಿಯುತ್ತದೆ. ಮೆತ್ತನೆಯ ಸ್ಪಂಜು ಈ ಅಲುಗಾಟವನ್ನು ನುಂಗುವ ಬದಲು ಹಿಗ್ಗಿಸುವುದೂ ಉಂಟು. ಐರೋಪ್ಯ ಒಕ್ಕೂಟ 2002ರಲ್ಲಿ ಟ್ರ್ಯಾಕ್ಟರ್, ಲಾರಿ ಮುಂತಾದವುಗಳಲ್ಲಿ ದುಡಿಯುವವರಿಗಾಗಿ ಇಂಥ ಕಂಪನಕ್ಕೆ ಎಂಟು ಗಂಟೆಯ ದಿನದ ಲೆಕ್ಕದಲ್ಲಿ ಮಿತಿಯನ್ನೇ ವಿಧಿಸಿದೆ. ಸ್ವೀಡನ್ನಿನ ವೈದ್ಯ ನ್ಯಾಕೆಮ್ಸನ್ ಅವರು ಸೊಂಟದ ಬಳಿ ಬೆನ್ನುಮೂಳೆಗಳ ನಡುವಿರುವ ಬಿಲ್ಲೆಗಳೊಳಗೆ ಸೂಜಿಯಿಳಿಸಿ ಒತ್ತಡ ಅಳೆದು, ಬೆನ್ನಿಗೆ ಆಧಾರವಿಲ್ಲದೆ ಕುಳಿತಾಗ ನಿಂತಿರುವಾಗಿನದಕ್ಕಿಂತ ಹೆಚ್ಚು ಒತ್ತಡ ಬೀಳುತ್ತದೆಂದು 1960ರ ದಶಕದಲ್ಲೇ ತೋರಿಸಿದ್ದರು. ಸೊಂಟಕ್ಕೆ ಆಧಾರ ಬೇಕು, ಅದೂ ಬೆಲ್ಟು ಕಟ್ಟುವ ಮಟ್ಟದಲ್ಲಿ. ನಮ್ಮ ಬೈರಾಸನ್ನು, ಅಂದರೆ ಟವೆಲನ್ನು, ಸುರುಳಿ ಸುತ್ತಿ ಅಲ್ಲಿಟ್ಟು ಒಂದು ವಾರ ಓಡಿಸಿ ನೋಡಿ, ಹಿತವೆನಿಸಿದ ದಪ್ಪವನ್ನೇ ದಿಂಬಿನೊಳಗೆ ಹೊಲಿಸುವುದು ಖರ್ಚಿಲ್ಲದ ಪರೀಕ್ಷೆ.

ಫೋಮನ್ನು ಎರಡು ಪದರವಾಗಿ ಹಾಕಿಸುವುದು ಲೇಸು. ತಳಕ್ಕೆ ಚೂರುಗಳನ್ನು ಅಂಟಿಸಿ ಒತ್ತಿ ಮಾಡಿದ ಗಟ್ಟಿ ಫೋಮು, ಅದರ ಮೇಲೆ ಒಂದಂಗುಲದಷ್ಟು ಮೆದುವಾದದ್ದು. ಅಂಗಡಿಯವರು 32, 40 ಎಂದು ಹೇಳುವ ಡೆನ್ಸಿಟಿ ಒಂದು ಘನಮೀಟರ್ ಫೋಮಿನ ತೂಕ ಎಷ್ಟು ಕಿಲೋ ಎಂಬ ಲೆಕ್ಕ. ಅದು ಗಟ್ಟಿತನವನ್ನು ಹೇಳುವುದಿಲ್ಲ, ಬಾಳಿಕೆಯನ್ನು ಹೇಳುತ್ತದೆ. ಆದ್ದರಿಂದ ಅಂಕೆ ಕೇಳಿದ ಮೇಲೂ ಕೈಯಲ್ಲಿ ಒತ್ತಿ ನೋಡಲೇಬೇಕು.

ಮಳೆಗಾಲ ನಾಲ್ಕು ತಿಂಗಳಿರುವ ನಮ್ಮ ನಾಡಿನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ರೆಕ್ಸಿನಿನ ಮೇಲ್ಮೈ ನೀರು ಹಿಡಿಯದು, ಆದರೆ ಹೊಲಿಗೆಯ ತೂತುಗಳು ಹಿಡಿಯುತ್ತವೆ. ಕೂರುವ ಜಾಗದ ನಡುವೆ ಅಂದಕ್ಕಾಗಿ ಹಾಕುವ ಗೆರೆ ಹೊಲಿಗೆಯನ್ನು ಬೇಡವೆಂದು, ಹೊಲಿಗೆಯೆಲ್ಲ ಬದಿಯಲ್ಲಿ ಬರುವಂತೆ ಮಾಡಿಸಿ, ತಳದ ಹಲಗೆಗೆ ನಾಲ್ಕು ತೂತು ಕೊರೆಸಿದರೆ ಒಳಹೊಕ್ಕ ನೀರು ಇಳಿದುಹೋಗುತ್ತದೆ.

ಕಾನೂನಿನ ಮಾತನ್ನೂ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಧಿ, ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ನಮ್ಮ ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಆರ್‌ಸಿಯಲ್ಲಿ ಆಸನಗಳ ಸಂಖ್ಯೆ ನಮೂದಾಗಿರುವುದರಿಂದ ಆಸನ ತೆಗೆಯುವ, ಸೇರಿಸುವ, ಬೇರೆ ವಾಹನದ ಆಸನ ಕೂರಿಸುವ ಯೋಚನೆಯಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಹೊಸ ವಾಹನಗಳಲ್ಲಿ ಆಸನದ ಅಡಿಯಲ್ಲಿ ಹಳದಿ ಬಣ್ಣದ ವಯರಿನ ಜೋಡಣೆ ಕಂಡರೆ ಅದು ಗಾಳಿಚೀಲಕ್ಕೆ, ಅಂದರೆ ಏರ್‌ಬ್ಯಾಗಿಗೆ, ಸಂಬಂಧಿಸಿದ್ದು. ಊರಿನ ಕುಶನ್ ಅಂಗಡಿಯಲ್ಲಿ ಅದನ್ನು ಬಿಚ್ಚಿಸಬೇಡಿ.

ಇಷ್ಟೆಲ್ಲ ಆದ ಮೇಲೆ ಮನೆಯಲ್ಲಿ ಒಂದು ತಕರಾರು ಎದ್ದಿತು. ನನ್ನ ಹೆಂಡತಿಯೂ ಈ ಜೀಪನ್ನು ಓಡಿಸುತ್ತಾಳೆ, ಅವಳ ಎತ್ತರ 5 ಅಡಿ 1 ಅಂಗುಲ. ನನಗೆ ಹಿಂದಕ್ಕೆ ಹೋದ 3 ಅಂಗುಲ ಅವಳ ಕಾಲಿಗೆ ಕ್ಲಚ್ಚನ್ನು ದೂರ ಮಾಡಿತ್ತು. ಮತ್ತೆ ಆ ಹಿರಿಯರ ಬಳಿಗೇ ಹೋದೆವು. ಅವರು 3 ಅಂಗುಲದ ಗಟ್ಟಿ ಫೋಮಿಗೆ ಮಿಕ್ಕಿದ್ದ ರೆಕ್ಸಿನನ್ನೇ ಹೊದಿಸಿ, ಬೆನ್ನಿನ ದಿಂಬಿಗೆ ಬಿಗಿಯಾಗಿ ಕಟ್ಟಲು ಅಗಲವಾದ ಎರಡು ಪಟ್ಟಿಗಳನ್ನು ಹೊಲಿದು ಕೊಟ್ಟರು. ಅವಳು ಪೇಟೆಗೆ ಹೋಗುವ ದಿನ ಅದು ಮುಂದೆ, ನಾನು ಹೋಗುವ ದಿನ ಹಿಂದಿನ ಬೆಂಚಿನ ಅಡಿಯಲ್ಲಿ ಸುಲಿದ ಅಡಿಕೆಯ ಗೋಣಿಯ ಪಕ್ಕದಲ್ಲಿ.

ನಮಸ್ಕಾರ.